ಹೊಲದ ಹಬ್ಬಕ್ಕೆ ಕರೆ ಬಂದಾಗ

ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಬಳಿಯ ಕೆರೆಯ ದಂಡೆಯಲ್ಲಿ ಸಂಜೆ ನಡೆದಾಡುವವರಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ. ಆರು ಗಂಟೆ ಹೊಡೆಯುವುದರೊಳಗೆ ಸೂರ್ಯ ಮುಳುಗಿರುತ್ತಾನೆ. ನೀರಿನ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತದೆ, ದೇವಸ್ಥಾನದ ದೀಪಗಳು ಬೇಗನೆ ಹತ್ತಿಕೊಳ್ಳುತ್ತವೆ. ನಾನು ಹಲವು ವರ್ಷಗಳಿಂದ ಆ ದಾರಿಯಲ್ಲಿ ನಡೆಯುತ್ತಿದ್ದೇನೆ. ಒಳಗೆ ದಾಸೋಹಕ್ಕೆ ಕುಳಿತವರ ಜಾತಿಯನ್ನಾಗಲಿ ಮತವನ್ನಾಗಲಿ ಯಾರೂ ವಿಚಾರಿಸುವುದಿಲ್ಲವೆಂಬುದನ್ನು ಬಲ್ಲೆ. ಹಾಗಿದ್ದೂ ಇನ್ನೊಬ್ಬರ ಹೊಲದಲ್ಲಿ, ಇನ್ನೊಬ್ಬರ ಎಲೆಯ ಮುಂದೆ ಕುಳಿತು ನಾನು ಒಂದು ಪ್ರಶ್ನೆ ಕೇಳಿದ್ದೆ. ಆ ಪ್ರಶ್ನೆಯ ವಿಷಯವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಪ್ರಿಯ ಓದುಗರೇ, ಇದನ್ನು ನೆನಪಿಸಿದವಳು ನನ್ನ ಮಗಳು. ನಮ್ಮ ಧರ್ಮಕೇಂದ್ರದ ಅನೇಕ ಹೆಣ್ಣುಮಕ್ಕಳಂತೆ ಅವಳೂ ದಾದಿಯ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೋದವಳು. 2025ರ ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನು ಮಾಡಿದಳು. ಅವಳೊಡನೆ ಮನೆ ಹಂಚಿಕೊಂಡಿರುವ ಸಹೋದ್ಯೋಗಿ ಹುಟ್ಟಿನಿಂದ ಕ್ರೈಸ್ತಳೇ, ಈಗ ತನ್ನನ್ನು ‘ಪೇಗನ್’ ಎಂದು ಕರೆದುಕೊಳ್ಳುವವಳು. ಡಿಸೆಂಬರ್ 21ರ ರಾತ್ರಿ, ವರ್ಷದ ಅತಿ ದೀರ್ಘವಾದ ಇರುಳಿನಲ್ಲಿ, ‘ಯೂಲ್’ ಎಂಬ ಹಬ್ಬವನ್ನು ಆಚರಿಸುತ್ತಾಳೆ. ಹಿತ್ತಲಲ್ಲಿ ಬೆಂಕಿ ಹೊತ್ತಿಸಿ, ಮರುದಿನದ ಸೂರ್ಯೋದಯದವರೆಗೆ ಎಚ್ಚರವಿದ್ದು, ಮರಳಿ ಬರುವ ಬೆಳಕನ್ನು ಎದುರುಗೊಳ್ಳುವುದು ಅವಳ ವ್ರತ. “ಪಪ್ಪಾ, ನಾ ಆಕಿ ಸಂಗಡ ಕುಂತ್ರ ತಪ್ಪಾಗ್ತದೇನು?” ಎಂದು ಮಗಳು ಕೇಳಿದಳು. ಅದೇ ವಾರ ಕಮಲಾಪುರದ ಕಡೆಯಿಂದ ನಮಗೂ ಒಂದು ಕರೆ ಬಂದಿತ್ತು: ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರಬೇಕೆಂದು.

ಮೊದಲು ಆ ಪೇಗನ್ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಅದು ಲತೀನ್ ಭಾಷೆಯ ‘ಪಗಾನುಸ್’ ಎಂಬುದರಿಂದ ಬಂದದ್ದು, ಹಳ್ಳಿಗಾಡಿನವನು ಎಂಬುದು ಅದರ ಹಳೆಯ ಅರ್ಥ. ಪಟ್ಟಣಗಳಲ್ಲಿ ಕ್ರೈಸ್ತರು ಹೆಚ್ಚಿದ ಕಾಲದಲ್ಲಿ ಅದು ಅಕ್ರೈಸ್ತನೆಂಬ ಅರ್ಥ ಪಡೆಯಿತು. ನಮ್ಮ ಕನ್ನಡ ಬೈಬಲಿನಲ್ಲಿ ಇಂಥವರಿಗೆ ಬಳಕೆಯಾಗುವ ಪದ ‘ಅನ್ಯಜನ’. ಒಂದು ಭಾಷೆ ಅವನನ್ನು ಹೊಲದವನೆಂದಿತು, ಇನ್ನೊಂದು ಪರಕೀಯನೆಂದಿತು. ಆದರೆ ಕಲಬುರಗಿಯಲ್ಲಿ ನಾಲ್ಕು ಮನೆಯಾಚೆ ಇರುವ ಹೊಲದವನು ಪರಕೀಯನಾಗುವುದು ಹೇಗೆ?

ಇಂದಿನ ಪೇಗನ್ ಪಂಥಗಳು ಹಳೆಯ ಹೆಸರನ್ನು ಹೊತ್ತ ಹೊಸ ಚಳವಳಿಗಳು. ಇಂಗ್ಲೆಂಡಿನಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬವರು 1950ರ ದಶಕದಲ್ಲಿ ‘ವಿಕ್ಕ’ ಎಂಬ ಪಂಥವನ್ನು ಬೆಳಕಿಗೆ ತಂದರು. ವರ್ಷವನ್ನು ಎಂಟು ಹಬ್ಬಗಳ ಚಕ್ರವೆಂದು ಭಾವಿಸುವ ಕ್ರಮ ರೂಪುಗೊಂಡದ್ದು ಆ ಕಾಲದಲ್ಲಿಯೇ. ಯೂಲ್ ಅವುಗಳಲ್ಲಿ ಒಂದು. ಐಸ್‌ಲ್ಯಾಂಡಿನಲ್ಲಿ ಹಳೆಯ ನಾರ್ಸ್ ದೇವತೆಗಳ ಆರಾಧಕರ ಸಂಘವೊಂದು 1972ರಲ್ಲಿ ಸ್ಥಾಪನೆಯಾಗಿ, ಮರುವರ್ಷ ಸರ್ಕಾರದ ಮಾನ್ಯತೆ ಪಡೆಯಿತು. ಯೂಲ್ ಎಂಬ ಹೆಸರಾದರೋ ನಿಜಕ್ಕೂ ಪ್ರಾಚೀನವಾದುದು. ಸಂತ ಬೀಡರು 725ರಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ, ಕ್ರೈಸ್ತರಾಗುವ ಮುನ್ನ ಆಂಗ್ಲರು ಈ ಅಯನದ ಹಿಂದುಮುಂದಿನ ಎರಡು ತಿಂಗಳುಗಳನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರೆಂದು ದಾಖಲಿಸಿದ್ದಾರೆ. ನಾರ್ವೆಯ ಕ್ರೈಸ್ತ ದೊರೆ ಹಾಕೋನನು ಹತ್ತನೆಯ ಶತಮಾನದಲ್ಲಿ ಯೂಲನ್ನು ಕ್ರಿಸ್ತ ಜಯಂತಿಯ ಕಾಲಕ್ಕೇ ಆಚರಿಸಬೇಕೆಂದು ಕಟ್ಟಳೆ ಮಾಡಿದನೆಂದು ಮುಂದಿನ ಕಾಲದ ಇತಿಹಾಸಕಥನ ಹೇಳುತ್ತದೆ.

ಇಲ್ಲಿಯೇ ಹಳೆಯ ಜಗಳವೊಂದು ತಲೆಯೆತ್ತುತ್ತದೆ. “ನಿಮ್ಮ ಕ್ರಿಸ್ಮಸ್ ನಮ್ಮಿಂದ ಕದ್ದದ್ದು” ಎಂದು ಅವರಲ್ಲಿ ಕೆಲವರು ಹೇಳುತ್ತಾರೆ. “ಅವೆಲ್ಲ ಸೈತಾನನ ಹಬ್ಬಗಳು” ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಎರಡೂ ಮಾತುಗಳನ್ನು ಆಡುವುದು ಸುಲಭ. ಚಕ್ರವರ್ತಿ ಔರೇಲಿಯನನು ರೋಮಿನಲ್ಲಿ ‘ಅಜೇಯ ಸೂರ್ಯ’ನಿಗೆ 274ರಲ್ಲಿ ದೇಗುಲ ಕಟ್ಟಿಸಿದ್ದು ನಿಜ. 354ರ ಒಂದು ರೋಮನ್ ಪಂಚಾಂಗ ಸಂಪುಟದಲ್ಲಿ ಡಿಸೆಂಬರ್ 25ಕ್ಕೆ ಆ ಅಜೇಯನ ಜನ್ಮದಿನವೂ ಇದೆ, ಅದೇ ಸಂಪುಟದ ಇನ್ನೊಂದು ಪಟ್ಟಿಯಲ್ಲಿ ಕ್ರಿಸ್ತನ ಜನನವೂ ಇದೆ. ಯಾವುದು ಯಾವುದನ್ನು ಅನುಸರಿಸಿತೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಮಾರ್ಚ್ 25ರಂದು ಪ್ರಭು ಮರಿಯಮ್ಮನವರ ಗರ್ಭದಲ್ಲಿ ಉದಿಸಿದರೆಂದು ಲೆಕ್ಕ ಹಾಕಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಈ ದಿನಕ್ಕೆ ತಲುಪಿದರೆಂಬ ವಾದಕ್ಕೂ ಬಲವಿದೆ. ಕ್ರಿಸ್ಮಸ್ ಮರವಾದರೂ ಪ್ರಾಚೀನ ಪೇಗನರದಲ್ಲ, ಜರ್ಮನಿಯ ಸೀಮೆಯ ಕ್ರೈಸ್ತರ ಮನೆಗಳಿಂದ ಹಬ್ಬಿದ ಪದ್ಧತಿ.

ಗಡಿ ಆಗಲೂ ಸ್ಪಷ್ಟವಾಗಿರಲಿಲ್ಲ. ಐದನೆಯ ಶತಮಾನದಲ್ಲಿ ಜಗದ್ಗುರು ಸಂತ ಲಿಯೋ ಅವರು ಕ್ರಿಸ್ತ ಜಯಂತಿಯ ಪ್ರಬೋಧನೆಯೊಂದರಲ್ಲಿ ತಮ್ಮ ಜನರನ್ನೇ ಗದರಿದರು. ಸಂತ ಪೇತ್ರರ ಮಹಾದೇವಾಲಯದ ಮೆಟ್ಟಿಲು ಹತ್ತುವಾಗ ಕೆಲವು ಕ್ರೈಸ್ತರು ಹಿಂದಿರುಗಿ ಉದಯಿಸುವ ಸೂರ್ಯನಿಗೆ ತಲೆಬಾಗುತ್ತಿದ್ದರಂತೆ. ಆದರೆ 601ರಲ್ಲಿ ಜಗದ್ಗುರು ಸಂತ ಗ್ರೆಗೋರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸರಿಗೆ ಬರೆದ ಪತ್ರದ ಧಾಟಿ ಬೇರೆ. ಅಲ್ಲಿನ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ, ಜನರು ದನ ಕಡಿದು ಉಣ್ಣುವ ಹಬ್ಬವಿದ್ದರೆ ದೇವರ ಸ್ತುತಿಗಾಗಿ ಉಣ್ಣಲಿ ಎಂಬುದು ಅವರ ಸಲಹೆ. ಆ ಪತ್ರದಲ್ಲಿ ಜಾಣತನವಿದೆ, ಕರುಣೆಯೂ ಇದೆ. ಇನ್ನೊಬ್ಬರ ಗುಡಿಯ ಮಾಲಕತ್ವವನ್ನು ತಾವೇ ನಿರ್ಧರಿಸುವ ಒಂದು ನಿಶ್ಚಿಂತೆಯೂ ಇದೆ, ಅದು ನನ್ನನ್ನು ಸ್ವಲ್ಪ ಕಾಡುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಐಸ್‌ಲ್ಯಾಂಡಿನ ರಾಜಧಾನಿಯಲ್ಲಿ ಆ ದಿನ ಹಗಲು ಸುಮಾರು ನಾಲ್ಕೇ ಗಂಟೆ, ಲಂಡನ್ನಿನಲ್ಲಿ ಎಂಟು ಗಂಟೆಗಿಂತ ಕಡಿಮೆ. ಅಲ್ಲಿ ಸೂರ್ಯ ಮರಳುತ್ತಾನೆಂಬುದು ಬದುಕಿನ ಭರವಸೆ. ಕಲಬುರಗಿಯಲ್ಲಾದರೋ ಆ ದಿನವೂ ಹನ್ನೊಂದು ಗಂಟೆಯ ಹಗಲಿರುತ್ತದೆ. ಮೇ ತಿಂಗಳ ಬಿಸಿಲು ತಿಂದ ನಮಗೆ ಸೂರ್ಯ ತುಸು ದೂರ ಸರಿದರೆ ನೆಮ್ಮದಿ. ಆದ್ದರಿಂದ ನಮ್ಮ ಚಳಿಗಾಲದ ಹಬ್ಬ ಬೆಳಕನ್ನು ಕುರಿತದ್ದಲ್ಲ, ಬೆಳೆಯನ್ನು ಕುರಿತದ್ದು. ಮಾರ್ಗಶಿರದ ಅಮಾವಾಸ್ಯೆಗೆ ಬರುವ ಎಳ್ಳಮಾವಾಸ್ಯೆ ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ಅಯನದ ಸುತ್ತ ಹಿಂದೆ ಮುಂದೆ ಓಲಾಡುತ್ತದೆ. 2022ರಲ್ಲಿ ಡಿಸೆಂಬರ್ 23ಕ್ಕೆ ಬಂದಿತ್ತು, 2024ರಲ್ಲಿ ಡಿಸೆಂಬರ್ 30ಕ್ಕೆ. 2025ರಲ್ಲಿ ಅದು ಡಿಸೆಂಬರ್ 19ರ ಶುಕ್ರವಾರ ಬಂತು, ಎರಡು ದಿನ ಬಿಟ್ಟು ಭಾನುವಾರ ರಾತ್ರಿ ಎಂಟೂವರೆಯ ಸುಮಾರಿಗೆ ಅಯನ ತಿರುಗಿತು.

ಆ ದಿನ ನಮ್ಮ ಊರು ಅರ್ಧ ಖಾಲಿಯಾಗುವುದನ್ನು ನೀವೆಲ್ಲ ಕಂಡವರೇ. ಎತ್ತಿನ ಬಂಡಿ, ಟ್ರ್ಯಾಕ್ಟರು, ಜೀಪು, ಯಾವುದು ಸಿಕ್ಕರೆ ಅದರಲ್ಲಿ ಜನ ಹೊಲಕ್ಕೆ ಹೊರಡುತ್ತಾರೆ. ಬಿಳಿಜೋಳ ತೆನೆಗಟ್ಟುವ ಕಾಲ, ಕಡಲೆ ಹಸಿರಾಗಿರುವ ಕಾಲ. ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ, ಕಲ್ಲುಗಳನ್ನಿಟ್ಟು ಪೂಜಿಸಿ, ಎಡೆ ಹಿಡಿದು, ಅನಂತರ ಬೆಳೆಯ ನಡುವೆ ಅಡುಗೆಯನ್ನು ಚೆಲ್ಲುತ್ತ ಸುತ್ತು ಹಾಕುತ್ತಾರೆ. ಇದೇ ಚರಗ ಚೆಲ್ಲುವುದು. ಭೂತಾಯಿಗೆ ಬಯಕೆಯ ಊಟವೆಂದು ಹಿರಿಯರು ಹೇಳುತ್ತಾರೆ. ಹಕ್ಕಿಗೆ, ಇರುವೆಗೆ, ಹುಳಹುಪ್ಪಟೆಗೆ ಅದರಲ್ಲಿ ಪಾಲು. ಅರಳಗುಂಡಗಿಯ ಹೊಲದಲ್ಲಿ ಶರಣಬಸವರು ಜೋಳಕ್ಕೆರಗುವ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರೆಂದು ಇಲ್ಲಿನ ಜನ ಹೇಳುವ ಕಥೆಯೂ ಇದೇ ಮಣ್ಣಿನದು. ಕೊನೆಗೆ ಎಲ್ಲರೂ ಮರದ ನೆರಳಲ್ಲಿ ಕುಳಿತು ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಉಣ್ಣುತ್ತಾರೆ. ಹೊಲವಿಲ್ಲದವರನ್ನು ಕರೆದುಕೊಂಡು ಹೋಗುವುದು ರೂಢಿ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ನೆರೆಯವರೊಬ್ಬರು ಹಾಗೆಯೇ ಕರೆದರು. ಕಮಲಾಪುರದ ಸಮೀಪ, ಆ ಹೆಸರಾಂತ ಕೆಂಪು ಬಾಳೆಯ ಸೀಮೆಯಲ್ಲಿ ಅವರ ಹೊಲ. ಪೂಜೆಯ ಹೊತ್ತಿಗೆ ನಾವು ಸರಿದು ನಿಂತೆವು. ಅವರಿಗೆ ಅದರಿಂದ ಬೇಸರವಾಗಲಿಲ್ಲ. ಊಟಕ್ಕೆ ಕುಳಿತೆವು. ಎಲೆಯ ಮೇಲೆ ರೊಟ್ಟಿ ಬಿದ್ದಾಗ ನಾನು ಕೇಳಿದೆ: “ಇದು ಎಡೆ ಹಿಡಿದದ್ದೇನು?” ಅವರು ಸುಳ್ಳು ಹೇಳುವವರಲ್ಲ, ಹೌದೆಂದರು. ನಾನು ಹೆಂಡತಿಯನ್ನೂ ಮಕ್ಕಳನ್ನೂ ಎಬ್ಬಿಸಿಕೊಂಡು, ಬಸ್ಸಿಗಾಗಿ ರಸ್ತೆಯ ಕಡೆಗೆ ನಡೆದೆ. ಅವರ ವೃದ್ಧ ತಾಯಿ ಕೈಯಲ್ಲಿ ಇನ್ನೊಂದು ರೊಟ್ಟಿ ಹಿಡಿದು ನಿಂತೇ ಇದ್ದರು. ಆ ವರ್ಷದ ಕ್ರಿಸ್ಮಸ್ಸಿಗೆ ನಾವು ಕಳಿಸಿದ ಕೇಕು, ಕರ್ಜಿಕಾಯಿಗಳನ್ನು ಆ ಮನೆಯವರು ಯಾವ ಪ್ರಶ್ನೆಯನ್ನೂ ಕೇಳದೆ ತಿಂದರು. ನಾವು ಅವುಗಳ ಮೇಲೆ ಪ್ರಾರ್ಥನೆ ಮಾಡಿದ್ದೆವು. ಅದನ್ನು ಅವರು ಬಲ್ಲರು.

ಆಗ ನಾನು ಸಂತ ಪೌಲರ ಆಸರೆ ಪಡೆದಿದ್ದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವನ್ನು ಅನಂತರ ನಿಧಾನವಾಗಿ ಓದಿದಾಗ ನನಗೆ ನಾಚಿಕೆಯಾಯಿತು. ವಿಗ್ರಹಗಳ ಪೂಜೆಯಲ್ಲಿ ಪಾಲುಗೊಳ್ಳಬೇಡಿ ಎಂದು ಪೌಲರು ಖಂಡಿತವಾಗಿ ಹೇಳುತ್ತಾರೆ, ಅದರಲ್ಲಿ ಸಡಿಲಿಕೆಯಿಲ್ಲ. ಆದರೆ ವಿಶ್ವಾಸಿಯಲ್ಲದವನು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ವಿಚಾರಿಸದೆ ಉಣ್ಣಬೇಕೆನ್ನುತ್ತಾರೆ. ಯಾರಾದರೂ ತಾವಾಗಿ ಇದು ನೈವೇದ್ಯವೆಂದು ತಿಳಿಸಿದರೆ ಮಾತ್ರ ಬಿಡಬೇಕು, ಅದೂ ತಿಳಿಸಿದವನ ಮನಸ್ಸಾಕ್ಷಿಯ ಸಲುವಾಗಿ. ನೆರೆಯವರು ತಾವಾಗಿ ಏನನ್ನೂ ತಿಳಿಸಿರಲಿಲ್ಲ. ನಾನೇ ಕೇಳಿ ಹೇಳಿಸಿದೆ. ನಿಜ ಹೇಳಬೇಕೆಂದರೆ ದೇವರ ಭಯದಿಂದ ಕೇಳಲಿಲ್ಲ, ನನ್ನ ಮಕ್ಕಳು ನೋಡಲೆಂದು ಕೇಳಿದೆ. ಲುಸ್ತ್ರದಲ್ಲಿ ಇದೇ ಪೌಲರ ಮುಂದೆ ಜನ ಹೋರಿ ಕಡಿಯಲು ಬಂದಾಗ ಅವರು ಬಟ್ಟೆ ಹರಿದುಕೊಂಡು ತಡೆದರು. ತಡೆಯುತ್ತಲೇ, ಮಳೆಯನ್ನೂ ಸುಗ್ಗಿಯ ಕಾಲವನ್ನೂ ಕೊಟ್ಟು ನಿಮ್ಮ ಹೃದಯಗಳನ್ನು ತಣಿಸಿದ ದೇವರು ನಿಮ್ಮ ನಡುವೆ ಸಾಕ್ಷಿಯಿಲ್ಲದೆ ಇರಲಿಲ್ಲ ಎಂದರು. ಹೊಲದಲ್ಲಿ ಪೂಜೆಯಿಂದ ಸರಿದು ನಿಂತದ್ದು ಸರಿಯೆಂದೇ ಇಂದಿಗೂ ಎಣಿಸುತ್ತೇನೆ. ಆ ಸಾಕ್ಷಿಯನ್ನು ಮಾತ್ರ ನಾನು ಎಲೆಯ ಮುಂದೆ ಬಿಟ್ಟು ಎದ್ದುಬಂದೆ.

“ಎಲ್ಲ ಹಬ್ಬವೂ ಒಂದೇ” ಎನ್ನುವವರೂ ನಮ್ಮಲ್ಲಿದ್ದಾರೆ. ಆ ಮಾತು ಸೌಜನ್ಯದಂತೆ ಕಂಡರೂ ನನಗೆ ರುಚಿಸುವುದಿಲ್ಲ. ಮಗಳ ಗೆಳತಿ ಬಹಳ ಯೋಚಿಸಿ ನಮ್ಮ ವಿಶ್ವಾಸವನ್ನು ಬಿಟ್ಟವಳು. “ನಿನ್ನ ಯೂಲ್ ವಾಸ್ತವವಾಗಿ ನಮ್ಮ ಕ್ರಿಸ್ಮಸ್ಸೇ” ಎಂದರೆ ಅವಳಿಗೆ ಅವಮಾನ. ನಿಮ್ಮ ಬಾಲಯೇಸು ಸೂರ್ಯನ ಇನ್ನೊಂದು ಹೆಸರೆಂದು ಯಾರಾದರೂ ಬೆನ್ನು ತಟ್ಟಿ ಹೇಳಿದರೆ ನಮಗೂ ಹಾಗೆಯೇ ಆದೀತು. ಇನ್ನು ಪರಕೀಯತೆಯ ಮಾತು. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಕುಳಿತು, ಅದೇ ಹತ್ತಿಯನ್ನು ಹಿಮವೆಂದು ಗೋದಲಿಯ ಮೇಲೆ ಹರಡುವವರು ನಾವು. ಹಿಮ ಕಾಣದ ನಾವು ಎಲ್ಲಿಯ ಚಳಿಯನ್ನು ಆಚರಿಸುತ್ತಿದ್ದೇವೋ!

ಮಗಳಿಗೆ ನಾನು ಹೇಳಿದ್ದು ಇಷ್ಟೇ: ಕೂಡು. ನೀನು ನಂಬದ ಮಾತನ್ನು ಬಾಯಿಂದ ಹೇಳಬೇಡ, ಅದನ್ನು ಆಕೆಗೆ ಮುಂಚೆಯೇ ತಿಳಿಸು. ಕಾವಲಿಗೆ ಕುಳಿತವಳಂತೆ ಒಳಗೊಳಗೇ ಜಪಮಾಲೆ ಎಣಿಸುತ್ತಲೂ ಕೂಡಬೇಡ. ಅವಳು ಹಾಗೆಯೇ ಮಾಡಿದಳು. ದೇವತೆಗಳನ್ನು ಕರೆಯುವ ಹೊತ್ತಿಗೆ ಗೆಳತಿ ಅವಳಿಗೆ ಬೆಂಕಿ ಆರದಂತೆ ನೋಡಿಕೊಳ್ಳುವ ಕೆಲಸ ಕೊಟ್ಟಳಂತೆ. 24ರ ರಾತ್ರಿ ಆ ಗೆಳತಿ ಬಲಿಪೂಜೆಗೆ ಜೊತೆಯಲ್ಲಿ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಿದ್ದಳು, ಮೊಣಕಾಲೂರಲಿಲ್ಲ. ಇಬ್ಬರಿಗೂ ಅದರಿಂದ ಮುಜುಗರವಾಗಲಿಲ್ಲವೆಂದು ಮಗಳು ಹೇಳಿದಳು. ನನಗೆ ಸ್ವಲ್ಪ ಆತಂಕವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಮಕ್ಕಳು ದೂರವಿರುವ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಮಲಾಪುರದ ಕರೆ ಬಂದದ್ದು ಆ ನೆರೆಯವರ ಮಗನಿಂದ. ನೆರೆಯವರೂ ಅವರ ತಾಯಿಯೂ ಈಗ ಇಲ್ಲ. ಎಳ್ಳಮಾವಾಸ್ಯೆಯ ದಿನ ನಾನೂ ನನ್ನ ಹೆಂಡತಿಯೂ ಹೋದೆವು. ಪೂಜೆಯಾಗುವಾಗ ಬದುವಿನ ಮೇಲೆ ನಿಂತೆವು, ಅನಂತರ ಎಲೆಯ ಮುಂದೆ ಕುಳಿತೆವು. ಹುಡುಗನಿಗೆ ಹಳೆಯ ಸಂಗತಿ ನೆನಪಿತ್ತೆಂದು ತೋರುತ್ತದೆ, ಬಡಿಸುವ ಮುನ್ನ ನನ್ನ ಮುಖ ನೋಡಿದ. ನಾನು ರೊಟ್ಟಿ ಮುರಿದೆ. ಹೊರಡುವಾಗ ಅವನು ಒಂದು ಹೊರೆ ಹಸಿ ಜೋಳದ ದಂಟನ್ನು ಕೊಯ್ದು, “ಕಾಕಾ, ನಿಮ್ಮ ಗುಡಿಸಲಿಗೆ ಆಗ್ತದೇನು ನೋಡ್ರಿ” ಎಂದು ಗಾಡಿಯಲ್ಲಿಟ್ಟ. ಗೋದಲಿಯ ವಿಷಯ ಅವನು ಚಿಕ್ಕಂದಿನಿಂದ ಬಲ್ಲ. ಈ ಸಲ ನಮ್ಮ ಜಗಲಿಯ ಗೋದಲಿಗೆ ಹತ್ತಿ ತರಲಿಲ್ಲ. ದಂಟುಗಳಲ್ಲಿ ಹಾಲುಗಾಳಿನ ತೆನೆಗಳು ಹಾಗೆಯೇ ಉಳಿದಿದ್ದವು. ಮೂವರು ಜ್ಞಾನಿಗಳ ಹಬ್ಬದವರೆಗೂ ಗುಬ್ಬಿಗಳು ಬಂದು ಅವನ್ನು ಕುಕ್ಕುತ್ತಿದ್ದವು, ನನ್ನ ಹೆಂಡತಿ ಅವುಗಳನ್ನು ಓಡಿಸಲಿಲ್ಲ.