ಗ್ರಾಮಕ್ಕೊಂದು ಲಕ್ಷಣ

ಹಸು ಎಂದರೇನು ಎಂದು ಕೇಳಿದರೆ ನಮ್ಮ ತರ್ಕಶಾಸ್ತ್ರಜ್ಞರು ಅದನ್ನು ವರ್ಣಿಸಲು ಹೋಗುವುದಿಲ್ಲ, ಲಕ್ಷಣ ಹೇಳುತ್ತಾರೆ. ಎಲ್ಲ ಹಸುಗಳಲ್ಲೂ ಇರಬೇಕು, ಬೇರೆ ಯಾವುದರಲ್ಲೂ ಇರಬಾರದು, ಅಂಥ ಗುಣವೇ ಲಕ್ಷಣ. ಕಂದುಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯಿತು, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಬಂತು; ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಹಸುವಿಗೂ ಹೊಂದದು; ಅಸಂಭವ. ಕೊನೆಗೆ ಗಂಗೆದೊಗಲು ಉಳ್ಳದ್ದು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ.

ಗ್ರಾಮಕ್ಕೆ ಅಂಥ ಗಂಗೆದೊಗಲು ಯಾವುದು?

ಜನ ವಾಸಿಸುವ ಚಿಕ್ಕ ಊರು ಎನ್ನೋಣ. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳಿವೆ. ಹೆಸರಿದೆ, ನಕ್ಷೆಯಿದೆ, ಸರ್ವೆ ನಂಬರುಗಳಿವೆ, ದೀಪ ಹಚ್ಚುವ ಮನೆ ಒಂದೂ ಇಲ್ಲ. 2011ರ ಜನಗಣತಿಯ ಸುಮಾರು 6.4 ಲಕ್ಷ ಗ್ರಾಮಗಳಲ್ಲಿ 40 ಸಾವಿರಕ್ಕೂ ಹೆಚ್ಚು ಇಂಥವೇ. ಅತ್ತ ಜನ ತುಂಬಿದ ಎಷ್ಟೋ ತಾಂಡಾಗಳು, ಗೊಲ್ಲರಹಟ್ಟಿಗಳು ಕಂದಾಯ ಗ್ರಾಮ ಎನ್ನಿಸಿಕೊಳ್ಳಲು ದಶಕಗಟ್ಟಲೆ ಕಾಯಬೇಕಾಯಿತು. ಬೇಸಾಯದವರ ನೆಲೆ ಎಂದರೆ ಕರಾವಳಿಯ ಮೀನುಗಾರರ ಊರು ಕೈಬಿಟ್ಟುಹೋಗುತ್ತದೆ.

ಸ್ವಯಂಪೂರ್ಣ ಪುಟ್ಟ ಗಣರಾಜ್ಯ ಎಂಬುದು ಹೆಚ್ಚು ಓಡಾಡಿದ ಲಕ್ಷಣ. 1830ರಲ್ಲಿ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಮೆಟ್ಕಾಫ್ ಹೀಗೆ ಬರೆದದ್ದು ಇಂದಿಗೂ ಭಾಷಣಗಳಲ್ಲಿ ಜೀವಂತ. ಆದರೆ ಉಪ್ಪು ಹೊರಗಿನಿಂದ ಬಂತು, ಕಬ್ಬಿಣ ಹೊರಗಿನಿಂದ ಬಂತು, ಎಷ್ಟೋ ಕಡೆ ಸೊಸೆಯೂ ಪಕ್ಕದೂರಿನವಳೇ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸ್ ಈ ಸ್ವಯಂಪೂರ್ಣತೆ ಬರಿಯ ಮಿಥ್ಯೆ ಎಂದು ವಾದಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಟೀಕೆ ಇನ್ನೂ ಕಟು. ಸ್ವಯಂಪೂರ್ಣ ಗ್ರಾಮದ ಬಗ್ಗೆ ಗಾಂಧೀಜಿ ಹೇಳಿದ್ದಾದರೋ ಆಗಬೇಕಾದ ಗ್ರಾಮದ ಮಾತು. ಅದನ್ನು ಇರುವ ಗ್ರಾಮದ ಲಕ್ಷಣವೆಂದು ಓದಿದರೆ ಅಸಂಭವ ದೋಷವೇ ಗಟ್ಟಿ.

ಸರ್ಕಾರ ಈ ಗೋಜಿಗೇ ಹೋಗಿಲ್ಲ. ಅದು ಲಕ್ಷಣ ಕೊಟ್ಟಿರುವುದು ಪಟ್ಟಣಕ್ಕೆ. ನಗರಾಡಳಿತ ಸಂಸ್ಥೆ ಇಲ್ಲದ ಊರು ಜನಗಣತಿಯಲ್ಲಿ ಪಟ್ಟಣವಾಗಬೇಕಾದರೆ ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಶೇ. 75 ಮಂದಿ ಬೇಸಾಯದಾಚೆ, ಚದರ ಕಿ.ಮೀ.ಗೆ 400 ಜನ ಇರಬೇಕು. ಮಿಕ್ಕದ್ದೆಲ್ಲ ಗ್ರಾಮ. ಸಂವಿಧಾನದ 243ನೇ ವಿಧಿಯಲ್ಲಂತೂ ರಾಜ್ಯಪಾಲರು ಅಧಿಸೂಚನೆಯಲ್ಲಿ ಗ್ರಾಮ ಎಂದು ಹೆಸರಿಸಿದ್ದೇ ಗ್ರಾಮ.

ತಾರ್ಕಿಕರು ಇದನ್ನು ಕಂಡು ನಗುತ್ತಿರಲಿಲ್ಲ. ಲಕ್ಷಣಕ್ಕೆ ಎರಡು ಪ್ರಯೋಜನ ಎಂದು ಅವರೇ ಹೇಳಿದ್ದಾರೆ: ಒಂದು, ಬೇರೆಯದರಿಂದ ಬೇರ್ಪಡಿಸುವುದು, ಇನ್ನೊಂದು, ವ್ಯವಹಾರ. ಪಂಚಾಯಿತಿ ಚುನಾವಣೆಗೆ ಅಧಿಸೂಚನೆಯ ಗ್ರಾಮ ಸಾಕು. ಆದರೆ ಒಂದು ವ್ಯವಹಾರಕ್ಕೆ ಹೊಂದಿದ ಲಕ್ಷಣ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಕರ್ನಾಟಕದ ಸಿಇಟಿಯ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯಲ್ಲೇ ಹುಟ್ಟಿ ಬೆಳೆದು, ಹೈಸ್ಕೂಲಿಗೆ ಮಾತ್ರ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿಬಂದ ಹುಡುಗಿ ಅಲ್ಲಿ ಗ್ರಾಮೀಣಳಲ್ಲ. ಇದು ನೇರ ಅವ್ಯಾಪ್ತಿ. ಹೈಸ್ಕೂಲಿಲ್ಲದ ಊರಿನ ಮಕ್ಕಳ ಮಟ್ಟಿಗಾದರೂ ಈ ನಿಯಮವನ್ನು ತಿದ್ದಬೇಕು.