ಕಡೆಗಣಿಸಲ್ಪಟ್ಟವರ ಮೊರೆ

ಆಧಾರ: ಅಪೊಸ್ತಲರ ಕೃತ್ಯಗಳು, 6ನೆಯ ಅಧ್ಯಾಯ, 1ರಿಂದ 7ರ ವರೆಗಿನ ವಚನಗಳು



ಯೆರೂಸಲೇಮಿನ ಮೊದಲನೆಯ ಸಭೆಯ ವಿಷಯವಾಗಿ ಮಾತಾಡುವಾಗ ನಾವು ಅವರ ಐಕ್ಯವನ್ನೂ ಪ್ರಾರ್ಥನೆಯನ್ನೂ ಹೊಲಮನೆಗಳನ್ನು ಮಾರಿ ಬಡವರಿಗೆ ಹಂಚಿದ ಔದಾರ್ಯವನ್ನೂ ಹೊಗಳುತ್ತೇವೆ. ಅದು ಹೊಗಳತಕ್ಕದ್ದೇ. ಆದರೆ ಅದೇ ಸಭೆಯಲ್ಲಿ ಪಾಲು ಸಿಕ್ಕದೆ ಹಿಂದುಳಿದ ವಿಧವೆಯರು ಇದ್ದರೆಂಬದನ್ನು ಬೇಗನೆ ಮರೆತುಬಿಡುತ್ತೇವೆ. ಅಲ್ಲಿ ದಿನದಿನವೂ ಹಂಚುವ ಏರ್ಪಾಡು ಇತ್ತು, ಹಂಚುವವರಿದ್ದರು, ಆದಾಗ್ಯೂ ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ಕಡೆಗಣಿಸಲ್ಪಟ್ಟರು. ಹೊರಗಿನ ವೈರಿಗಳು ಇದನ್ನು ಮಾಡಲಿಲ್ಲ. ಅಪೊಸ್ತಲರ ಕಣ್ಣೆದುರಿನಲ್ಲಿಯೇ ಇದು ನಡೆಯಿತು. ಲೂಕನು ಇದನ್ನು ಮರೆಮಾಡದೆ ಬರೆದಿಟ್ಟಿದ್ದಾನೆ. ಉಪಚಾರದ ಏರ್ಪಾಡು ಇದ್ದಲ್ಲೆಲ್ಲಾ ಉಪಚಾರವು ನಡೆದೇ ನಡೆಯುತ್ತದೆಂದು ನಾವು ನಿಶ್ಚಿಂತರಾಗಿ ಕೂತುಕೊಳ್ಳಬಾರದು.

ಈ ಪಾಠವು ಈಗ ನಮಗೂ ಬೇಕಾಗಿದೆ. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ವರುಷಕ್ಕೆ ಮೇಲ್ಪಟ್ಟವರು 10 ಕೋಟಿಗಿಂತ ಹೆಚ್ಚಾಗಿದ್ದರು. ಮಕ್ಕಳು ಬೆಂಗಳೂರಿಗೂ ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋಗಿದ್ದಾರೆ. ಊರಲ್ಲಿ ಉಳಿದವರಿಗೆ ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ ಮಲಗಿಸಲು ಬಲ ಸಾಲದು. ಆದಕಾರಣ ಅನೇಕರು ತಮ್ಮ ತಂದೆತಾಯಿಗಳನ್ನು ಪಟ್ಟಣದ ವೃದ್ಧಾಶ್ರಮಗಳಲ್ಲಿ ಬಿಡುತ್ತಾರೆ. ಹೀಗೆ ಬಿಡುವದೇ ಪಾಪವೆಂದು ನಾನು ಹೇಳುವದಿಲ್ಲ. ಪ್ರೀತಿಯಿಂದ ಸೇವೆ ಮಾಡುವ ಆಶ್ರಮಗಳು ಉಂಟು. ಆದರೆ ಬಿಟ್ಟ ಮೇಲೆ ನೋಡದೆ ಇರುವದು ಪಾಪ. ನೋಡಿಯೂ ಸುಮ್ಮನಿರುವದು ಅದಕ್ಕಿಂತಲೂ ದೊಡ್ಡ ಪಾಪ. ಈ ವಿಷಯದಲ್ಲಿ ಮೂರು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದನೆಯದು: ಕಡೆಗಣಿಸಲ್ಪಟ್ಟವರನ್ನು ಕಣ್ಣಿಟ್ಟು ನೋಡಬೇಕು.

ಇಲ್ಲಿ ನನ್ನ ತಪ್ಪನ್ನೇ ಮೊದಲು ಅರಿಕೆಮಾಡುತ್ತೇನೆ. ನಮ್ಮ ಸಭೆಯ ಒಬ್ಬ ಅಜ್ಜಿ ಒಂದು ಆಶ್ರಮದಲ್ಲಿದ್ದರು. ಕ್ರಿಸ್ಮಸ್ ಕಾಲದಲ್ಲಿ ನಾವು ಹತ್ತು ಮಂದಿ ಅಲ್ಲಿಗೆ ಹೋಗಿ, ಜಗಲಿಯಲ್ಲಿ ಹಾಡಿ, ಸಿಹಿ ಹಂಚಿ, ಮೇಲ್ವಿಚಾರಕರು ಕೊಟ್ಟ ಕಾಫಿ ಕುಡಿದೆವು. ಅಜ್ಜಿ ನನ್ನ ಕೈಯನ್ನು ಹಿಡುಕೊಂಡು ಬಿಡಲೇ ಇಲ್ಲ. "ಉಪದೇಶಿಗಳೇ, ನನ್ನನ್ನು ಮನೆಗೆ ಕರಕೊಂಡು ಹೋಗಿ" ಅಂದರು. ಅವರ ಮಣಿಕಟ್ಟಿನ ಸುತ್ತ ನೀಲಿ ಬರೆ ಇತ್ತು. ಕೇಳಿದಾಗ ಆಯಾ, "ಬಿದ್ದುಬಿಟ್ಟರು" ಅಂದಳು. ಬಿದ್ದವರ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಬರೆ ಬೀಳುವದುಂಟೋ? ನಾನು ಅದನ್ನು ಯೋಚಿಸಲಿಲ್ಲ. "ದೇವರು ನಿಮ್ಮ ಸಂಗಡ ಇದ್ದಾನೆ, ಅಜ್ಜೀ" ಎಂದು ಹೇಳಿ ಪ್ರಾರ್ಥನೆ ಮಾಡಿ ಬಸ್ಸು ತಪ್ಪೀತೆಂದು ಹೊರಟೆನು. ಎರಡು ತಿಂಗಳ ಮೇಲೆ ಮಗಳು ಬಂದು ತಾಯಿಯ ಮೈ ಒರಸುವದಕ್ಕೆ ಬಟ್ಟೆ ಸರಿಸಿದಾಗ ಸೊಂಟದ ಕೆಳಗೆ ಎಲುಬು ಕಾಣುವಷ್ಟು ಆಳವಾದ ಹುಣ್ಣು ಇತ್ತು. ಮಗಳು ನನ್ನನ್ನು ಕೇಳಿದ್ದು ಒಂದೇ ಮಾತು: "ನೀವು ಹೋಗಿದ್ದಿರಲ್ಲಾ, ನೋಡಲಿಲ್ಲವೋ?" ಪ್ರಿಯರೇ, ನಾನು ಹೋಗಿದ್ದೆನು, ನೋಡಿರಲಿಲ್ಲ.

ಆದದರಿಂದ ಏನನ್ನು ನೋಡಬೇಕೆಂಬದನ್ನು ಕಲಿತುಕೊಳ್ಳಿರಿ. ಹಾಸಿಗೆ ಹುಣ್ಣು ಒಂದೇ ರಾತ್ರಿಯಲ್ಲಿ ಎಲುಬಿನ ತನಕ ಇಳಿಯುವದಿಲ್ಲ. ಒಂದೇ ಮಗ್ಗುಲಾಗಿ ಬಹಳ ಹೊತ್ತು ಮಲಗಿದವರ ಬಾಲದೆಲುಬು, ಸೊಂಟ, ಹಿಮ್ಮಡಿ ಇವುಗಳ ಮೇಲೆ ಭಾರ ಬಿದ್ದು, ಅಲ್ಲಿಗೆ ರಕ್ತ ಹರಿಯದೆ ಚರ್ಮವು ಸಾಯುತ್ತದೆ. ಮೊದಲು ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಕೆಂಪು ಹೋಗುವದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ, ಆ ಜಾಗವು ಇನ್ನೂ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ತೋರಬಹುದು. ಸಾಮಾನ್ಯವಾಗಿ 2 ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಮೈಯನ್ನು ಒಣಗಿಟ್ಟು, ಸರಿಯಾಗಿ ಉಣಿಸಿದರೆ ಇಂಥ ಹುಣ್ಣುಗಳಲ್ಲಿ ಹೆಚ್ಚಿನವುಗಳನ್ನು ತಡೆಯಬಹುದು.

ಇನ್ನು ಬೇರೆ ಗುರುತುಗಳನ್ನು ಕೇಳಿರಿ. ತೋಳಿನ ಮೇಲೆ ಬೆರಳಿನಾಕಾರದ ಕಲೆಗಳು; ಕೈಕಾಲುಗಳಲ್ಲಿ ಕಟ್ಟಿದ ಬರೆ; ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು, ಕೆಲವು ವಾರಗಳಲ್ಲಿಯೇ ಸಡಿಲವಾದ ರವಿಕೆ; ಮೂತ್ರದ ವಾಸನೆ, ಬೆಳೆದ ಉಗುರು; ಮಾತಾಡುತ್ತಿದ್ದವರು ಹಗಲೆಲ್ಲಾ ತೂಕಡಿಸುವದು, ಯಾಕಂದರೆ ತೊಂದರೆಯಾಗದಿರಲೆಂದು ನಿದ್ರೆಯ ಔಷಧವನ್ನು ಕೊಡುವವರುಂಟು; ಕೆಲಸದವರು ಹತ್ತಿರ ಬಂದಾಗ ಮಾತು ನಿಲ್ಲಿಸಿಬಿಡುವದು; ನಿಮ್ಮೊಂದಿಗೆ ಅವರನ್ನು ಒಂಟಿಯಾಗಿ ಬಿಡದಿರುವದು; ಪೆನ್ಷನ್ ಪುಸ್ತಕವು ಬೇರೆಯವರ ಕೈಯಲ್ಲಿರುವದು; ಏನೆಂದು ತಿಳಿಯದ ಕಾಗದಕ್ಕೆ ಹೆಬ್ಬೆರಳೊತ್ತಿಸುವದು.

ಆದರೆ ಅನ್ಯಾಯವಾಗಿ ತೀರ್ಪು ಮಾಡಬೇಡಿರಿ. ಮುದುಕರ ಚರ್ಮವು ತೆಳ್ಳಗಾಗಿ ಸ್ವಲ್ಪ ತಗಲಿದರೂ ನೀಲಿಗಟ್ಟುವದುಂಟು. ರಕ್ತವನ್ನು ತೆಳ್ಳಗೆ ಮಾಡುವ ಔಷಧ ತಕ್ಕೊಳ್ಳುವವರಿಗೆ ಇನ್ನೂ ಹೆಚ್ಚು. ಒಂದು ಗುರುತನ್ನು ಕಂಡರೆ ವಿಚಾರಿಸಿರಿ. ಹಲವು ಗುರುತುಗಳು ಕೂಡಿಬಂದರೆ, ಅಥವಾ ಕೇಳಿದಾಗೆಲ್ಲಾ ಉತ್ತರವು ಬದಲಾದರೆ, ಸುಮ್ಮನಿರಬೇಡಿರಿ. ನೆನಪು ಕೆಟ್ಟವರು ಹೇಳಿದ್ದನ್ನೂ "ಅವರಿಗೆ ಮರುಳು" ಎಂದು ತಳ್ಳಿಬಿಡಬೇಡಿರಿ. ದಿನವನ್ನು ಮರೆತವರಿಗೂ ಹೊಡೆದ ಕೈಯ ಭಯ ಉಳಿದಿರಬಹುದು.

ಎರಡನೆಯದು: ಗುಣುಗುಟ್ಟುವವರ ಬಾಯನ್ನು ಕಟ್ಟಬಾರದು.

ಯೆರೂಸಲೇಮಿನಲ್ಲಿ ದೂರು ಎದ್ದಾಗ ಅಪೊಸ್ತಲರು ಏನು ಮಾಡಿದರು? "ಸಭೆಯ ಮಾನ ಹೋಗುತ್ತದೆ, ಸುಮ್ಮನಿರಿ" ಅನ್ನಲಿಲ್ಲ. ಎಲ್ಲರನ್ನೂ ಕೂಡಿಸಿ, ದೂರನ್ನು ಬಹಿರಂಗವಾಗಿ ಎತ್ತಿಕೊಂಡರು. ನಮ್ಮಲ್ಲಿಯೋ ಹಲವು ನೆವಗಳು ಏಳುತ್ತವೆ.

"ತಿಂಗಳು ತಿಂಗಳು ಹಣ ಕಟ್ಟುತ್ತೇವಲ್ಲಾ" ಎಂದು ಒಬ್ಬರು ಅನ್ನುವರು. ಮಾರ್ಕನ 7ನೆಯ ಅಧ್ಯಾಯವನ್ನು ಓದಿ ನೋಡಿರಿ. ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನ್ ಎಂದು ಹೇಳಿ ಕೈ ತೊಳಕೊಂಡವರನ್ನು ಕರ್ತನು ಖಂಡಿಸಿದನು. ದೇವರಿಗೆ ಕೊಟ್ಟ ಕಾಣಿಕೆಯೇ ಆ ಕರ್ತವ್ಯವನ್ನು ತೀರಿಸದಿದ್ದರೆ, ಆಶ್ರಮಕ್ಕೆ ಕಟ್ಟಿದ ಹಣವು ತೀರಿಸೀತೋ?

"ದೂರು ಕೊಟ್ಟರೆ ಅಮ್ಮನಿಗೆ ಇನ್ನೂ ಹಿಂಸೆ ಮಾಡುವರು" ಎಂದು ಮತ್ತೊಬ್ಬರು. ಈ ಭಯವು ಸುಳ್ಳಲ್ಲ. ಆದದರಿಂದಲೇ ಮೊದಲು ಅವರನ್ನು ಕ್ಷೇಮವಾದ ಸ್ಥಳಕ್ಕೆ ಕರಕೊಂಡು ಬರಬೇಕು, ಆಮೇಲೆ ದೂರು.

"ಕ್ರೈಸ್ತರು ಕಚೇರಿ ಹತ್ತಬಹುದೋ? ಪೌಲನು ಕೊರಿಂಥದವರಿಗೆ ಬೇಡವೆಂದು ಬರೆದನಲ್ಲಾ" ಎಂದು ಮೂರನೆಯವರು. ಪೌಲನು ಗದರಿಸಿದ್ದು ತಮ್ಮ ಸ್ವಂತ ಲಾಭಕ್ಕೆ ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ ಸಹೋದರರನ್ನು. ಅದೇ ಪೌಲನು ಫಿಲಿಪ್ಪಿಯಲ್ಲಿ, ವಿಚಾರಣೆಯಿಲ್ಲದೆ ಹೊಡಿಸಿದ ಅಧಿಪತಿಗಳೇ ಬಂದು ತನ್ನನ್ನು ಹೊರಗೆ ಕರಕೊಂಡು ಹೋಗಬೇಕೆಂದು ಪಟ್ಟು ಹಿಡಿದನು. ಕೈಸರೈಯದಲ್ಲಿ ಚಕ್ರವರ್ತಿಗೆ ಅಪ್ಪೀಲು ಮಾಡಿಕೊಂಡನು. ಲೂಕನ 18ನೆಯ ಅಧ್ಯಾಯದ ವಿಧವೆಯಾದರೋ ನ್ಯಾಯಾಧಿಪತಿಯ ಬಾಗಲನ್ನು ಬಿಡಲೇ ಇಲ್ಲ. ನನ್ನ ಕೆನ್ನೆಗೆ ಬಿದ್ದ ಪೆಟ್ಟನ್ನು ನಾನು ಕ್ಷಮಿಸಬಹುದು. ಏಳಲಾರದ ಅಜ್ಜಿಯ ಕೆನ್ನೆಗೆ ಬಿದ್ದ ಪೆಟ್ಟನ್ನು ಅವರ ಬದಲಾಗಿ ಕ್ಷಮಿಸುವ ಅಧಿಕಾರ ನನಗಿಲ್ಲ.

ಇಷ್ಟಾದರೂ ಕೆಲಸದವರ ಕಷ್ಟವನ್ನು ಮರೆಯಬೇಡಿರಿ. ಎಷ್ಟೋ ಕಡೆ ಕಡಿಮೆ ಸಂಬಳಕ್ಕೆ ಒಬ್ಬಳೇ ಆಯಾ ರಾತ್ರಿಯೆಲ್ಲಾ ಅನೇಕರನ್ನು ನೋಡಿಕೊಳ್ಳುತ್ತಾಳೆ. ಇಂಥ ಸಂಸ್ಥೆಗಳ ಕೆಲಸದವರಲ್ಲಿ ಮೂವರಲ್ಲಿ ಇಬ್ಬರು ಹಿಂದಿನ ಒಂದು ವರುಷದಲ್ಲಿ ಯಾವದೋ ವಿಧವಾದ ಹಿಂಸೆ ಮಾಡಿದೆವೆಂದು ತಾವೇ ಒಪ್ಪಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹಲವು ಅಧ್ಯಯನಗಳಿಂದ ತಿಳಿಸಿದೆ. ಇವರೆಲ್ಲರೂ ಕ್ರೂರರೆಂದು ಹೇಳಲಾರೆವು. ದಣಿದ ಕೈಯೂ ಒರಟಾಗುತ್ತದೆ. ಆದದರಿಂದ ಆಯಾ ಒಬ್ಬಳನ್ನೇ ಹಿಡಿಯದೆ, ಸಾಕಷ್ಟು ಜನರನ್ನು ಇಡದ ಯಜಮಾನರನ್ನೂ ಕೇಳಬೇಕು.

ಮೂರನೆಯದು: ಸರಿಪಡಿಸುವ ಕೆಲಸಕ್ಕೆ ಜನರನ್ನು ನೇಮಿಸಬೇಕು.

ಅಪೊಸ್ತಲರು ಬರೀ ಮರುಕಪಟ್ಟು ಬಿಡಲಿಲ್ಲ. ಒಳ್ಳೇ ಹೆಸರುಳ್ಳ, ಜ್ಞಾನವುಳ್ಳ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ಹೇಳಿ, ಆರಿಸಲ್ಪಟ್ಟವರಿಗೆ ಆ ಕೆಲಸವನ್ನು ಒಪ್ಪಿಸಿದರು. ಜ್ಞಾನವೆಂಬದರಲ್ಲಿ ದೇಶದ ಕಾನೂನನ್ನು ತಿಳುಕೊಳ್ಳುವದೂ ಸೇರಿದೆ.

ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸೇರಿಸಿರಿ. ಗಾಯದ ಅಳತೆಯನ್ನೂ ಕಾರಣವನ್ನೂ ಬರೆದಿಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿರಿ. ಅವರ ಒಪ್ಪಿಗೆಯಿಂದ ಪಟ ತೆಗೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ ಏನು ಕಂಡಿರಿ, ಯಾರು ಏನು ಹೇಳಿದರು ಎಂಬದನ್ನು ಅಂದೇ ಬರಕೊಳ್ಳಿರಿ. ಸೇರಿಸುವಾಗ ಮಾಡಿಕೊಂಡ ಕರಾರನ್ನೂ ಹಣದ ರಶೀದಿಗಳನ್ನೂ ಜೋಪಾನಮಾಡಿರಿ.

ಹೊಡೆಯುವದೂ ಕೂಡಿಹಾಕುವದೂ ಅಪರಾಧಗಳು. ಪೋಲೀಸು ಠಾಣೆಯಲ್ಲಿ ಬರವಣಿಗೆಯಲ್ಲಿ ದೂರು ಕೊಡಿರಿ. 2024ರ ಜುಲೈ 1ರಿಂದ ನಡೆಯುವ ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮಿನ ಪ್ರಕಾರ, ಅಸಹಾಯಕರನ್ನು ನೋಡಿಕೊಳ್ಳುತ್ತೇವೆಂದು ಕರಾರು ಮಾಡಿಕೊಂಡವರು ಬೇಕೆಂದೇ ಅದನ್ನು ಮಾಡದಿದ್ದರೆ 3 ತಿಂಗಳ ವರೆಗೆ ಸೆರೆ, ಅಥವಾ 5,000 ರೂಪಾಯಿಯ ವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಣ ತಕ್ಕೊಂಡು ಸರಿಯಾದ ಸೇವೆ ಮಾಡದವರ ಮೇಲೆ 2019ರ ಗ್ರಾಹಕರ ರಕ್ಷಣೆಯ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ 2 ವರುಷದೊಳಗೆ ಪರಿಹಾರ ಕೇಳಬಹುದು.

ಮಕ್ಕಳೂ ಕೇಳಿರಿ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಹುಟ್ಟಿತು. ಪೋಷಿಸದ ಮಕ್ಕಳ ಮೇಲೆ ಉಪವಿಭಾಗದ ಅಸಿಸ್ಟೆಂಟ್ ಕಮಿಷನರ ಮುಂದೆ ಅರ್ಜಿ ಕೊಡಬಹುದು. ತಾವೇ ಕೊಡಲಾರದವರ ಪರವಾಗಿ ಅವರು ಒಪ್ಪಿದ ಬೇರೊಬ್ಬರೂ ಕೊಡಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರಸಿಕೊಂಡು ಕೈಬಿಟ್ಟರೆ ಆ ಪತ್ರವನ್ನು ರದ್ದುಮಾಡಿಸುವ ದಾರಿಯೂ ಅದರಲ್ಲಿದೆ. ಹಿರಿಯರನ್ನು ಪೂರ್ತಿಯಾಗಿ ತೊರೆದುಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದವರಿಗೆ 24ನೆಯ ಕಲಮು ಸೆರೆಯನ್ನೂ ದಂಡವನ್ನೂ ವಿಧಿಸುತ್ತದೆ.

ಸಲಹೆ ಬೇಕಾದವರು ಹಿರಿಯರ ಸಹಾಯವಾಣಿಯಾದ 14567ಕ್ಕೆ ಕರೆಮಾಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿರಿ. 15100ಕ್ಕೆ ಕರೆಮಾಡಿದರೆ, ಅಥವಾ ನ್ಯಾಯಾಲಯದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರೆ ದಾರಿ ತೋರಿಸುತ್ತಾರೆ. ಹೆಂಗಸರಿಗೆ ಅವರ ಆದಾಯ ಎಷ್ಟೇ ಇದ್ದರೂ ಉಚಿತವಾದ ಕಾನೂನಿನ ಸಹಾಯ ಪಡೆಯುವ ಹಕ್ಕು ಉಂಟು.

ಆ ಅಜ್ಜಿಯ ಸಂಗತಿಯನ್ನು ಮುಗಿಸುತ್ತೇನೆ. ಅವರನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿ, ವೈದ್ಯರ ಕಾಗದವನ್ನು ಹಿಡುಕೊಂಡು ಮಗಳೂ ನಾನೂ ಠಾಣೆಗೆ ಹೋದೆವು. ನನ್ನ ಕೈ ನಡುಗುತ್ತಿತ್ತು, ಮಗಳ ಕೈ ನಡುಗಲಿಲ್ಲ. ವಿಚಾರಣೆಗೆ ಹೋದ ಅಧಿಕಾರಿಗಳು ಅಲ್ಲಿ ಇನ್ನಿಬ್ಬರ ಮೈಯಲ್ಲಿಯೂ ಅಂಥ ಹುಣ್ಣುಗಳನ್ನು ಕಂಡರು. ಆ ಇಬ್ಬರನ್ನು ನೋಡಲು ವರುಷಗಳಿಂದ ಯಾರೂ ಬಂದಿರಲಿಲ್ಲ. ನಮ್ಮ ಅಜ್ಜಿಗೋಸ್ಕರ ಬರೆದ ದೂರಿನಿಂದ ಅವರಿಗೂ ಔಷಧ ಸಿಕ್ಕಿತು. ಅಜ್ಜಿ ಮಗಳ ಮನೆಗೆ ಬಂದು ಮತ್ತೊಂದು ಮಳೆಗಾಲವನ್ನು ಕಂಡು, ತಮ್ಮವರ ನಡುವೆ ಕಣ್ಣು ಮುಚ್ಚಿದರು.

ಆಮೇಲೆ ನಮ್ಮ ಸಭೆಯಲ್ಲಿ ನಾಲ್ವರನ್ನು ನೇಮಿಸಿದ್ದೇವೆ. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಅವರು ಮುಂದಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗುತ್ತಾರೆ. ಜಗಲಿಯಲ್ಲಿ ನಿಂತು ಹಾಡುವ ಮೊದಲು ಮಂಚದ ಬಳಿಯಲ್ಲಿ ಕೂತು, "ಇವತ್ತು ಏನು ಉಂಡಿರಿ? ನಿಮ್ಮನ್ನು ಯಾರಾದರೂ ಗದರಿಸಿದರೋ?" ಎಂದು ಕೇಳುತ್ತಾರೆ. ಹೆಂಗಸರು ಅಜ್ಜಿಯಂದಿರ ಅಪ್ಪಣೆ ಪಡೆದು ಹೊದಿಕೆ ಸರಿಸಿ ನೋಡುತ್ತಾರೆ. ಬಂಧುಗಳಿಲ್ಲದವರ ಬಳಿಗೂ ಹೋಗುತ್ತಾರೆ. ಇದಕ್ಕೆ ಬಸ್ಸಿನ ಹಣ ಹೊರತು ಬೇರೆ ಖರ್ಚಿಲ್ಲ. ನಿಮ್ಮ ಸಭೆಯಲ್ಲಿಯೂ ಹೀಗೆ ಮಾಡಿರಿ.

ವಿಧವೆಯರ ಅನ್ಯಾಯವು ಸರಿಯಾದ ಮೇಲೆಯೇ ದೇವರ ವಾಕ್ಯವು ಹಬ್ಬಿತೆಂದೂ ಶಿಷ್ಯರ ಲೆಕ್ಕವು ಬೆಳೆಯಿತೆಂದೂ ಲೂಕನು 7ನೆಯ ವಚನದಲ್ಲಿ ಬರೆಯುತ್ತಾನೆ. ದೂರನ್ನು ಎತ್ತಿಕೊಂಡದ್ದರಿಂದ ಆ ಸಭೆಗೆ ಕುಂದು ಬರಲಿಲ್ಲ. ಈ ವಾರದೊಳಗೆ ನಿಮ್ಮಲ್ಲಿ ಒಬ್ಬೊಬ್ಬರೂ ಆಶ್ರಮದಲ್ಲಿರುವ ಒಬ್ಬರ ಹೆಸರನ್ನು ನೆನಸಿಕೊಂಡು ಅವರ ಮಂಚದ ಬಳಿಗೆ ಹೋಗಿರಿ. ಅವರು ಕೈ ಹಿಡಿದರೆ ಅವಸರದಿಂದ ಬಿಡಿಸಿಕೊಳ್ಳಬೇಡಿರಿ. ಹಗೆಯಿನ ಮೊರೆಯನ್ನೂ ಹಾಸಿಗೆಯಿಂದ ಏಳಲಾರದವರ ಮೊರೆಯನ್ನೂ ಕೇಳುವ ಕರ್ತನು ನಮಗೆ ನೋಡುವ ಕಣ್ಣನ್ನೂ ಮಾತಾಡುವ ಧೈರ್ಯವನ್ನೂ ಕೊಡಲಿ. ಆಮೆನ್.