ಲಾಠಿ ಹಿಡಿಯುವ ಮುನ್ನ

ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಅರ್ಜಿ ಹಾಕಲೇ ಎಂದು ಕೇಳುವ ತರುಣರಿಗೆ ಹಿರಿಯರ ಉತ್ತರ ಸಾಮಾನ್ಯವಾಗಿ ಒಂದೇ: “ಒಳ್ಳೆಯವರು ಹೋಗದಿದ್ದರೆ ಇಲಾಖೆ ಸುಧಾರಿಸುವುದು ಹೇಗಪ್ಪಾ?” ನನಗೆ ಈ ಮಾತಿನಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ತಾನು ಒಳ್ಳೆಯವನೆಂದು ಮೊದಲೇ ತೀರ್ಮಾನಿಸಿಕೊಂಡವನ ಕೈಗೆ ಲಾಠಿ ಕೊಡಲು ಸ್ವಲ್ಪ ಭಯವೇ.

ಕಾನೂನಿಗೂ ಆ ಭಯವಿದ್ದಂತಿದೆ. ಪೊಲೀಸ್ ಅಧಿಕಾರಿಯೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತು; 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. (ಆ ಮಾತಿನಿಂದ ಕದ್ದ ಮಾಲು ಸಿಕ್ಕರೆ ಅಷ್ಟರಮಟ್ಟಿಗೆ ವಿನಾಯಿತಿ ಉಂಟು.) ಬೀಗ ಹಾಕಿದ ಕೋಣೆಯಲ್ಲಿ ಪ್ರಶ್ನೆ ಕೇಳುವವನು ಸಜ್ಜನನೇ ಆಗಿರಲಿ, ಉತ್ತರ ಹೇಳುವವನು ಸ್ವತಂತ್ರನಲ್ಲ. ನಿಜ ಹೇಳಬೇಕೆಂದರೆ ಸಜ್ಜನನಿಗೇ ಅಲ್ಲಿ ಅಪಾಯ ಹೆಚ್ಚು. ಒಡವೆ ಕಳೆದುಕೊಂಡ ಮುದುಕಿಯ ಕಣ್ಣೀರು ಕಂಡು ಮರುಗಿದವನಿಗೆ ಕೈಯೆತ್ತುವ ಆತುರ ಬರುತ್ತದೆ; ಲಂಚಕೋರನಿಗೆ ಆ ಆತುರವೆಲ್ಲಿ?

ಪರೀಕ್ಷೆಗೆ ಓದುತ್ತಿರುವ ನನ್ನ ಸೋದರಳಿಯ ಇದನ್ನೆಲ್ಲ ಕೇಳಿ, “ಹಾಗಾದರೆ ಬೇಡವೇ, ಮಾವ?” ಎಂದ. ಬೇಡವೆನ್ನಲಿಲ್ಲ. ಕಾನೂನಿನ ಈ ಅಪನಂಬಿಕೆಯನ್ನು ಅವಮಾನವೆಂದು ಬಗೆಯದೆ, ಕಳ್ಳನೆಂದು ತನಗೆ ಗೊತ್ತಿರುವವನು ಸಾಕ್ಷ್ಯ ಸಾಲದೆ ಬಿಡುಗಡೆಯಾದ ಮರುದಿನವೂ ನೆಟ್ಟಗೆ ಠಾಣೆಗೆ ಹೋಗಬಲ್ಲೆಯಾ ಎಂದು ಕೇಳಿದೆ. ಇನ್ನೂ ಯೋಚಿಸುತ್ತಿದ್ದಾನೆ.